ನೆಪವಿಲ್ಲದ ನಡಿಗೆ

ನಮ್ಮ ಕಡೆ ದಾರಿಯಲ್ಲಿ ಎದುರಾದವರು ಮೊದಲು ಕೇಳುವುದು ಹೇಗಿದ್ದೀರಿ ಎಂದಲ್ಲ, ಎಲ್ಲಿಗೆ ಹೊರಟಿರಿ ಎಂದು. ಕಾಸರಗೋಡು ಜಿಲ್ಲೆಯ ಮುಳ್ಳೇರಿಯದಿಂದ ಒಳಗೆ, ಕಾಡಂಚಿಗೆ ತಾಗಿಕೊಂಡಿರುವ ನಮ್ಮ ಊರಿನಲ್ಲಿ ಈ ಪ್ರಶ್ನೆ ಮೂರು ನಾಲ್ಕು ಭಾಷೆಗಳಲ್ಲಿ ಬರುತ್ತದೆ. ತೋಟದ ಕೆಲಸಕ್ಕೆ ಹೋಗುವವರು ‘ಓಡೆ ಪಿದಾಡಿನಿ?’ ಎನ್ನುತ್ತಾರೆ, ರಬ್ಬರ್ ಟ್ಯಾಪಿಂಗಿನವರು ‘ಎವಿಡೇಕ್ಕಾ?’ ಎನ್ನುತ್ತಾರೆ, ನೆಂಟರು ‘ಎಲ್ಲಿಗೆ ಹೆರಟದು?’ ಎನ್ನುತ್ತಾರೆ. ಪೇಟೆಗೆ, ರೇಷನ್ ಅಂಗಡಿಗೆ, ಸೊಸೈಟಿಗೆ ಹಾಲು ಕೊಡಲು, ಸಾವಿನ ಮನೆಗೆ, ಹೀಗೆ ಯಾವ ಉತ್ತರವಾದರೂ ಸಲ್ಲುತ್ತದೆ. ಆದರೆ ಮನೆಯ ಹಿಂದಿನ ಗುಡ್ಡೆ ಹತ್ತಿ, ಕಾಡಿನ ಅಂಚಿನಲ್ಲಿ ನಡೆದು, ಪದವು ಎಂಬ ಗುಡ್ಡೆಯ ನೆತ್ತಿಯ ಬೋಳು ಬಯಲು ದಾಟಿ, ಇನ್ನೊಂದು ಬದಿಯಿಂದ ಇಳಿದು, ಹೊರಟಲ್ಲಿಗೇ ಬಂದು ಸೇರುವವಳ ಬಳಿ ಈ ಪ್ರಶ್ನೆಗೆ ಉತ್ತರವಿರುವುದಿಲ್ಲ. ಎಲ್ಲಿಗೂ ಅಲ್ಲ ಎಂದರೆ ಹೇಳಲು ಮನಸ್ಸಿಲ್ಲದೆ ಮುಚ್ಚಿಟ್ಟಂತೆ ಕೇಳಿಸುತ್ತದೆ. ಸುಮ್ಮನೆ ಎಂದರೆ ನನ್ನ ತಲೆ ನೆಟ್ಟಗಿದೆಯೇ ಎಂಬ ಸಂಶಯ ಅವರ ಮುಖದಲ್ಲಿ ಮೂಡುತ್ತದೆ. ಕೊನೆಗೆ ನನಗೆ ಒದಗಿದ ಉತ್ತರ, ಡಾಕ್ಟರು ನಡೆಯಲು ಹೇಳಿದ್ದಾರೆ ಎಂಬುದು. ಇದನ್ನು ಕೇಳಿದೊಡನೆ ಎದುರಿನವರ ಮುಖ ತಿಳಿಯಾಗುತ್ತದೆ. ಶುಗರಾ ಎಂದು ವಿಚಾರಿಸಿ, ತಮ್ಮ ಮನೆಯಲ್ಲಿ ಯಾರಿಗೆಲ್ಲ ಅದು ಇದೆ ಎಂದು ತಿಳಿಸಿ, ಹಾಗಲಕಾಯಿ ರಸವನ್ನೋ ಇನ್ನಾವುದೋ ಬೇರಿನ ಕಷಾಯವನ್ನೋ ಸೂಚಿಸಿ ಮುಂದೆ ಹೋಗುತ್ತಾರೆ.

ಆ ಉತ್ತರ ಸುಳ್ಳಲ್ಲ. ನನಗೆ ಸಕ್ಕರೆ ಕಾಯಿಲೆ ಇರುವುದು ನಿಜ, ಡಾಕ್ಟರು ನಡೆಯಲು ಹೇಳಿದ್ದೂ ನಿಜ. ಆದರೆ ಅವರು ಹೇಳಿದ್ದು ದಿನಕ್ಕೆ ಅರ್ಧ ಗಂಟೆ ತುಸು ಬಿರುಸಾಗಿ ನಡೆಯಲು. ಗುಡ್ಡೆ ಹತ್ತಬೇಕೆಂದು ಅವರು ಹೇಳಿರಲಿಲ್ಲ. ಪದವಿನ ಕಲ್ಲಿನ ಮೇಲೆ ಕಾಲು ಚಾಚಿ ಕುಳಿತು, ಮೂಡುದಿಕ್ಕಿನಲ್ಲಿ ಸುಳ್ಯದ ಕಡೆಯ ಬೆಟ್ಟಗಳನ್ನು ನೋಡುತ್ತಾ ಹೊತ್ತು ಕಳೆಯಬೇಕೆಂದಂತೂ ಹೇಳಿರಲಿಲ್ಲ. ಅಷ್ಟನ್ನು ನಾನೇ ಸೇರಿಸಿಕೊಂಡೆ, ಮತ್ತು ಈಗ ನಡಿಗೆಯಲ್ಲಿ ನನಗೆ ಬೇಕಾಗಿರುವುದು ಹೆಚ್ಚಾಗಿ ಆ ಭಾಗವೇ. ಅದನ್ನು ಬಾಯಿಬಿಟ್ಟು ಹೇಳಲು ಯಾಕೆ ಸಂಕೋಚವಾಗುತ್ತದೆ, ಐವತ್ತು ದಾಟಿದ ಒಬ್ಬ ಹೆಂಗಸು ಕೆಲಸವಿಲ್ಲದೆ ಗುಡ್ಡೆಗೆ ಹೋಗಲು ಕಾಯಿಲೆಯ ಚೀಟಿ ಯಾಕೆ ಬೇಕು ಎಂಬ ಯೋಚನೆ ಈಚೆಗೆ ಬಿಡದೆ ಹಿಂಬಾಲಿಸುತ್ತಿದೆ.

ರಸ್ತೆ ಮತ್ತು ಸುತ್ತು

ಮೊದಮೊದಲು ನಾನು ನಡೆದದ್ದು ಪಂಚಾಯತ್ ರಸ್ತೆಯಲ್ಲಿ. ಕಾಸರಗೋಡಿನ ಒಳನಾಡಿನ ರಸ್ತೆಗಳನ್ನು ಬಲ್ಲವರಿಗೆ ಅದರ ಕಷ್ಟವನ್ನು ವಿವರಿಸಬೇಕಾಗಿಲ್ಲ. ಒಂದು ಬದಿಯಲ್ಲಿ ಬರೆ, ಇನ್ನೊಂದು ಬದಿಯಲ್ಲಿ ಚರಂಡಿ, ನಡುವೆ ಕೆಂಪುಕಲ್ಲು ಹೊತ್ತ ಲಾರಿಗಳು, ಶಾಲೆಯ ಜೀಪುಗಳು, ಎದೆ ನಡುಗಿಸುವಂತೆ ಹಾರ್ನ್ ಹೊಡೆಯುವ ಬಸ್ಸು. ಇವುಗಳಿಗಿಂತ ಹೆಚ್ಚಿನ ಕಿರಿಕಿರಿ ಎಂದರೆ ಹೋಗುವಾಗ ಕಂಡವರೇ ಬರುವಾಗಲೂ ಕಾಣುತ್ತಾರೆ. ಹೋಗುವಾಗ ಎಲ್ಲಿಗೆ ಎಂದು ಕೇಳಿದವರು ಬರುವಾಗ ಹೋದ ಕೆಲಸ ಆಯಿತೇ ಎಂದು ಕೇಳುತ್ತಾರೆ. ಹೋದ ದಾರಿಯಲ್ಲೇ ಮರಳುವ ನಡಿಗೆಗೆ ಇನ್ನೊಂದು ದೌರ್ಬಲ್ಯವೂ ಇದೆ. ಎಲ್ಲಿ ಬೇಸರ ಬಂತೋ ಅಲ್ಲೇ ತಿರುಗಿಬಿಡಬಹುದು, ಮತ್ತು ಬೇಸರ ಎಂಬುದು ದಿನದಿಂದ ದಿನಕ್ಕೆ ಮನೆಗೆ ಹತ್ತಿರ ಹತ್ತಿರವಾಗಿ ಬರತೊಡಗುತ್ತದೆ. ಸುತ್ತಿನ ದಾರಿಯಲ್ಲಿ ಆ ಅವಕಾಶವಿಲ್ಲ. ಅರ್ಧ ದಾಟಿದ ಮೇಲೆ ಮನೆ ಇರುವುದು ಹಿಂದೆ ಅಲ್ಲ, ಮುಂದೆ. ಸಾಕಾಯಿತು ಎಂದರೂ ನಡೆಯಲೇಬೇಕು.

ನಮ್ಮ ಸುತ್ತು ಹೆಚ್ಚೆಂದರೆ ಐದು ಕಿಲೋಮೀಟರ್. ಅಂಗಳದಿಂದ ತೋಟಕ್ಕೆ ಇಳಿದು, ಅಡಕೆ ಮರದ ಸಂಕದಲ್ಲಿ ತೋಡು ದಾಟಿದರೆ ಆಚೆಗೆ ಕುಮ್ಕಿ ಗುಡ್ಡೆ, ಎಂದರೆ ತೋಟದವರು ಸೊಪ್ಪು ಕಟ್ಟಿಗೆಗೆ ಬಳಸುವ ಸರಕಾರಿ ಜಾಗ. ಅಲ್ಲಿಂದ ಏರು. ಗೇರು, ಮರುವ, ಉಪ್ಪಳಿಗೆ ಮರಗಳ ಮತ್ತು ಕೇಪುಳದ ಪೊದೆಗಳ ನಡುವೆ ಸುಮಾರು ನೂರೈವತ್ತು ಮೀಟರ್ ಎತ್ತರವನ್ನು ಬಿಡುವಿಲ್ಲದೆ ಏರುವ ಈ ಭಾಗವೇ ಇಡೀ ದಾರಿಯ ಪರೀಕ್ಷೆ. ಮೇಲೆ ಮೀಸಲು ಅರಣ್ಯದ ಗಡಿ ಸಿಗುತ್ತದೆ. ಕಾಡಿನೊಳಗೆ ಅನುಮತಿಯಿಲ್ಲದೆ ಹೋಗುವಂತಿಲ್ಲ, ನಮಗೆ ಹೋಗಬೇಕಾಗಿಯೂ ಇಲ್ಲ. ಮುರಕಲ್ಲಿನ (ಕೆಂಪುಕಲ್ಲಿನ) ಜಂಡಗಳನ್ನು, ಎಂದರೆ ಗಡಿಗುರುತುಗಳನ್ನು, ಎಡಕ್ಕೆ ಬಿಟ್ಟುಕೊಂಡು ಅಂಚಿನಲ್ಲೇ ನಡೆದರೆ ಒಳಗಿನ ತಂಪು, ಒಳಗಿನ ಸದ್ದು ಎರಡೂ ನಮ್ಮ ಪಾಲಿಗೆ ಬರುತ್ತವೆ. ಅಲ್ಲೊಂದು ಹಳೆಯ ಕಾಸರಕದ ಮರವಿದೆ. 2023ರಲ್ಲಿ ನಮ್ಮ ಜಿಲ್ಲೆಯು ತನ್ನದೇ ಆದ ಮರ, ಹೂವು, ಹಕ್ಕಿ ಮತ್ತು ಪ್ರಾಣಿಯನ್ನು ಘೋಷಿಸಿಕೊಂಡಾಗ ಜಿಲ್ಲೆಯ ಮರ ಎಂಬ ಪಟ್ಟ ಸಿಕ್ಕಿದ್ದು ಈ ಕಹಿ ಮರಕ್ಕೇ. ಬೀಜ ವಿಷ, ಆದರೆ ಕಿತ್ತಳೆ ಬಣ್ಣದ ಆ ಹಣ್ಣಿನ ತಿರುಳಿಗಾಗಿ ಮಂಗಟ್ಟೆ ಹಕ್ಕಿಗಳು ಬರುತ್ತವೆ. ಅವುಗಳ ರೆಕ್ಕೆಯ ಸದ್ದು ಹಕ್ಕಿ ಕಾಣುವ ಮೊದಲೇ ಕೇಳಿಸುತ್ತದೆ. ಅಲ್ಲಿಂದ ಅಕೇಶಿಯ ನೆಡುತೋಪು, ಅದನ್ನು ದಾಟಿದರೆ ಪದವು, ಪದವಿನ ತುದಿಯಿಂದ ನೀರಿನ ಸುರಂಗದ ಪಕ್ಕದಲ್ಲಿ ಇಳಿಜಾರು, ನಾಗಬನ, ರಬ್ಬರ್ ತೋಟ, ಮಣ್ಣಿನ ದಾರಿ, ಮನೆ.

ಸ್ಕಾಟ್‌ಲೆಂಡಿನ ಪರ್ವತಾರೋಹಿ ವಿಲಿಯಂ ನೈಸ್ಮಿತ್ 1892ರಲ್ಲಿ ಗುಡ್ಡ ಹತ್ತುವವರಿಗಾಗಿ ಒಂದು ಲೆಕ್ಕ ಕೊಟ್ಟಿದ್ದ. ಮೂರು ಮೈಲಿಗೆ ಒಂದು ಗಂಟೆ, ಏರಿದ ಪ್ರತಿ ಎರಡು ಸಾವಿರ ಅಡಿಗೆ ಮತ್ತೊಂದು ಗಂಟೆ. ಆ ಲೆಕ್ಕದಲ್ಲಿ ನಮ್ಮ ಸುತ್ತು ಸುಮಾರು ಒಂದೂಕಾಲು ಗಂಟೆಯಲ್ಲಿ ಮುಗಿಯಬೇಕು. ನಮಗೆ ಎರಡು ಗಂಟೆ ಬೇಕಾಗುತ್ತದೆ. ಆದರೆ ನೈಸ್ಮಿತನ ಲೆಕ್ಕದಲ್ಲಿ ಬಿದ್ದ ಕಾಟುಮಾವಿನ ಹಣ್ಣು ಹೆಕ್ಕುವ ಹೊತ್ತು ಸೇರಿಲ್ಲ.

ಯಾವ ದಿಕ್ಕಿನಿಂದ ಸುತ್ತಬೇಕು ಎಂಬುದರ ಬಗ್ಗೆ ನಮ್ಮಲ್ಲಿ ಚರ್ಚೆಯೇ ನಡೆದಿತ್ತು. ಮಂಡಿಯ ಮಾತು ಕೇಳುವುದಾದರೆ ಕಡಿದಾದ ಬದಿಯಿಂದ ಏರಿ ನಿಧಾನದ ಇಳಿಜಾರಿನಲ್ಲಿ ಇಳಿಯಬೇಕು. ಏರುವಾಗ ದಣಿಯುವುದು ಉಸಿರು. ಇಳಿಯುವಾಗ ತೊಡೆಯ ಸ್ನಾಯುಗಳು ಚಾಚಿಕೊಳ್ಳುತ್ತಲೇ ಮೈಯ ಭಾರವನ್ನು ತಡೆಯಬೇಕಾಗುತ್ತದೆ, ಅದರ ನೋವು ಅಂದಲ್ಲ, ಮರುದಿನವೋ ಅದರ ಮರುದಿನವೋ ಮೆಟ್ಟಿಲಿಳಿಯುವಾಗ ಗೊತ್ತಾಗುತ್ತದೆ. ಅಲ್ಲದೆ ಬೇಸಗೆಯಲ್ಲಿ ಮುರದ ಹರಳುಗಳು ಕಾಲಡಿಯಲ್ಲಿ ಉರುಳುತ್ತವೆ, ಮಳೆಗಾಲದಲ್ಲಿ ಪಾಚಿ ಜಾರುತ್ತದೆ. ಇವೆರಡೂ ಅಪಾಯವಾಗುವುದು ಇಳಿಯುವವರಿಗೇ. ಆದರೆ ಈ ವಾದಗಳೆಲ್ಲ ಮುಗಿಯುವ ಮೊದಲೇ ನಮ್ಮ ಅತ್ತೆ ತೀರ್ಪು ಕೊಟ್ಟಿದ್ದರು. ನಾಗಬನ ಬಲಕ್ಕೆ ಬರುವಂತೆ ಹೋಗಬೇಕು, ಅದನ್ನು ಎಡಕ್ಕಿಟ್ಟುಕೊಂಡು ಸುತ್ತುವುದುಂಟೇ! ಪುಣ್ಯವಶಾತ್ ನಾಗನೂ ಮಂಡಿಯೂ ಒಂದೇ ದಿಕ್ಕನ್ನು ಒಪ್ಪಿದವು.

ಮಾತು ನಿಲ್ಲುವ ಜಾಗ

ನಾವು ಎಂದರೆ ನಾನು, ನನ್ನ ಓರಗಿತ್ತಿ, ಮತ್ತು ಅಂಗನವಾಡಿಯಲ್ಲಿ ಕಲಿಸಿ ನಿವೃತ್ತರಾದ ನೆರೆಯ ಅಕ್ಕ. ಮೂವರಲ್ಲಿ ಯಾರೂ ಮೌನಪ್ರಿಯರಲ್ಲ. ಮಧ್ಯಮ ವೇಗದ ನಡಿಗೆ ಎಂದರೆ ಎಷ್ಟು ಎಂಬುದಕ್ಕೆ ವೈದ್ಯರು ಹೇಳುವ ಸುಲಭದ ಅಳತೆ ಎಂದರೆ, ನಡೆಯುವಾಗ ಮಾತಾಡಲು ಆಗಬೇಕು, ಹಾಡಲು ಆಗಬಾರದು. ಕೈಗೆ ಕಟ್ಟುವ ಯಂತ್ರಕ್ಕಿಂತ ಇದು ನಮಗೆ ಒಗ್ಗಿತು. ಹೆಜ್ಜೆ ಎಣಿಸುವ ಆ ಯಂತ್ರಗಳು ಕೇಳುವ ಹತ್ತು ಸಾವಿರ ಹೆಜ್ಜೆಯ ಲೆಕ್ಕವೂ ವೈದ್ಯಶಾಸ್ತ್ರದಿಂದ ಹುಟ್ಟಿದ್ದಲ್ಲ. ಟೋಕಿಯೋ ಒಲಿಂಪಿಕ್ಸ್ ಮುಗಿದ ಮೇಲೆ, 1965ರಲ್ಲಿ, ಜಪಾನಿನಲ್ಲಿ ಮಾರಾಟಕ್ಕೆ ಬಂದ ಹೆಜ್ಜೆ ಎಣಿಸುವ ಸಾಧನವೊಂದರ ಹೆಸರಿನಿಂದ ಬಂದದ್ದು. ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಹೇಳಿದ್ದು ವಾರಕ್ಕೆ 150ರಿಂದ 300 ನಿಮಿಷ ಮಧ್ಯಮ ಶ್ರಮ, ವಯಸ್ಸಾದವರಿಗೆ ಅದರ ಜೊತೆಗೆ ಸಮತೋಲನದ ಅಭ್ಯಾಸ. ಬೇರು, ಕಲ್ಲು, ತರಗೆಲೆಗಳ ನಡುವೆ ಪ್ರತಿ ಹೆಜ್ಜೆಯನ್ನೂ ನೋಡಿ ಊರಬೇಕಾದ ದಾರಿಯಲ್ಲಿ ಸಮತೋಲನದ ಪಾಠಕ್ಕೆ ಪ್ರತ್ಯೇಕ ತರಗತಿ ಬೇಕಾಗುವುದಿಲ್ಲ.

ಸಂಕ ದಾಟುವಾಗ ಆರಂಭವಾಗುವ ನಮ್ಮ ಮಾತು ಏರಿನಲ್ಲಿ ಒಂದು ಕಡೆ ನಿಲ್ಲುತ್ತಿತ್ತು. ಹೇಳುತ್ತಿದ್ದ ಸಂಗತಿ ಎಷ್ಟೇ ಸ್ವಾರಸ್ಯದ್ದಾಗಿರಲಿ, ಯಾರ ಮನೆಯ ಮದುವೆ ಮಾತುಕತೆ ಮುರಿದದ್ದೇ ಆಗಿರಲಿ, ವಾಕ್ಯ ಅರ್ಧಕ್ಕೆ ನಿಂತು ಬರೀ ಉಸಿರಿನ ಸದ್ದು ಉಳಿಯುತ್ತಿತ್ತು. ಆರಂಭದ ದಿನಗಳಲ್ಲಿ ಆ ಜಾಗ ಮೊದಲ ತಿರುವಿನ ಗೇರುಮರದ ಬುಡವಾಗಿತ್ತು. ಕೆಲವು ತಿಂಗಳ ಬಳಿಕ ಅದು ಒಡೆದ ಅಗಳು ಎಂಬ ಕಂದಕದವರೆಗೆ ಮೇಲೆ ಹೋಯಿತು. ಈಗ ಅದು ಹೆಬ್ಬಲಸಿನ ಮರದ ಹತ್ತಿರ ಬಂದು ನಿಂತಿದೆ, ಅಲ್ಲಿಂದ ಗಡಿಯ ಜಂಡ ಕಾಣಿಸುತ್ತದೆ. ಪ್ರಯೋಗಶಾಲೆಯ ಚೀಟಿಯಲ್ಲಿ ಬರುವ ಅಂಕಿಗಳೂ ಇಳಿದಿವೆ, ಅದಕ್ಕೆ ಮಾತ್ರೆಯೂ ಕಾರಣ ಇರಬಹುದು, ರಾತ್ರಿಯ ಅನ್ನ ಕಡಿಮೆ ಮಾಡಿದ್ದೂ ಕಾರಣ ಇರಬಹುದು. ನಡೆಯುವ ಸ್ನಾಯುಗಳು ಇನ್ಸುಲಿನ್ನಿನ ಸಹಾಯವಿಲ್ಲದೆಯೂ ರಕ್ತದಿಂದ ಸಕ್ಕರೆಯನ್ನು ಹೀರಿಕೊಳ್ಳಬಲ್ಲವು ಎಂದು ಡಾಕ್ಟರು ಚಿತ್ರ ಬರೆದು ತೋರಿಸಿದ್ದಾರೆ, ನನಗೆ ಅದರಲ್ಲಿ ಅವಿಶ್ವಾಸವೇನೂ ಇಲ್ಲ. ಆದರೂ ಮೈ ಸುಧಾರಿಸಿದೆ ಎಂದು ನನಗೆ ಒಳಗಿನಿಂದ ಗೊತ್ತಾಗುವುದು ಗೇರುಮರದ ಬುಡದಲ್ಲಿ ಮಾತು ನಿಲ್ಲದೆ ಮುಂದುವರಿದಾಗ.

ಪದವಿನ ಬಗ್ಗೆ ಸ್ವಲ್ಪ ಹೆಚ್ಚು ಹೇಳಬೇಕು. ಮಣ್ಣಿನಡಿಯಲ್ಲಿ ಮೆತ್ತಗಿರುವ ಮುರಕಲ್ಲು ಗಾಳಿಗೆ ಬಿಸಿಲಿಗೆ ತೆರೆದುಕೊಂಡ ಮೇಲೆ ಗಟ್ಟಿಯಾಗುತ್ತದೆ. ಆದ್ದರಿಂದಲೇ ಗುಡ್ಡೆಯ ಹೊಟ್ಟೆಯನ್ನು ಪಿಕಾಸಿಯಿಂದ ಕೊರೆದು ನೀರಿನ ಒಸರಿನವರೆಗೆ ಸುರಂಗ ಮಾಡಲು ನಮ್ಮ ಹಿರಿಯರಿಗೆ ಸಾಧ್ಯವಾಯಿತು, ಆದ್ದರಿಂದಲೇ ಗುಡ್ಡೆಯ ನೆತ್ತಿಯಲ್ಲಿ ಮರ ಬೇರೂರದ ಬೋಳು ಪಾದೆ ಉಳಿಯಿತು. ಏಪ್ರಿಲಿನಲ್ಲಿ ಅಲ್ಲಿ ನಿಂತರೆ ಚಪ್ಪಲಿಯ ಅಡಿಯಿಂದಲೂ ಬಿಸಿ ಹತ್ತುತ್ತದೆ. ಬಂಜರು ಎಂದು ಕಂದಾಯದ ಕಡತಗಳು ಕರೆಯುವುದು ಇದನ್ನೇ. ಆದರೆ ಮಳೆ ಹಿಡಿದು ಎರಡು ತಿಂಗಳಾದ ಮೇಲೆ, ಆಗಸ್ಟ್ ಹೊತ್ತಿಗೆ, ಅದೇ ಪಾದೆಯ ತಗ್ಗುಗಳಲ್ಲಿ ಬೆರಳಿನ ಆಳದ ನೀರು ನಿಂತು, ಅದರ ಅಂಚಿನಲ್ಲೆಲ್ಲ ನೀಲಿನೇರಳೆ ಹೂವು ಹರಡುತ್ತದೆ. ಓಣಂನ ಪೂಕ್ಕಳಕ್ಕೆ, ಎಂದರೆ ಹೂವಿನ ರಂಗೋಲಿಗೆ, ಮಲಯಾಳಿ ಮಕ್ಕಳು ಹುಡುಕಿಕೊಂಡು ಬರುವ ಕಾಕ್ಕಪೂವು ಇದೇ. ಮಂಡಿಯೂರಿ ನೋಡಿದರೆ ದಂಟು ನೂಲಿನಷ್ಟು ತೆಳ್ಳಗೆ, ಎಲೆ ಎಂದು ಹೇಳುವಂಥದ್ದು ಏನೂ ಕಾಣುವುದಿಲ್ಲ. ಸಾರವಿಲ್ಲದ ಕಲ್ಲಿನ ಮೇಲೆ ಇದು ಬದುಕುವುದು ಬೇಟೆಯಾಡಿ. ಕೆಸರಿನೊಳಗೆ ಹರಡಿದ ಎಳೆಗಳಲ್ಲಿ ಕಣ್ಣಿಗೆ ಕಂಡೂ ಕಾಣದಷ್ಟು ಸಣ್ಣ ಚೀಲಗಳಿವೆ. ಸೂಕ್ಷ್ಮ ಜೀವಿಯೊಂದು ಬಾಗಿಲಿನ ಕೂದಲನ್ನು ತಾಗಿದರೆ ರೆಪ್ಪೆ ಮಿಟುಕುವುದಕ್ಕಿಂತ ಬೇಗ ಚೀಲ ತೆರೆದು ನೀರಿನ ಸಮೇತ ಅದನ್ನು ಒಳಗೆಳೆದುಕೊಳ್ಳುತ್ತದೆ. ಇದನ್ನು ಓರಗಿತ್ತಿಗೆ ಹೇಳಿದಾಗ ಅವಳು ಕಾಲು ಹಿಂದಕ್ಕೆ ತೆಗೆದುಕೊಂಡಳು.

ಮಳೆ ಬಿರುಸಾಗಿರುವ ಜೂನ್, ಜುಲೈಗಳಲ್ಲಿ ನಾವು ಹೋಗುವುದಿಲ್ಲ. ವರ್ಷಕ್ಕೆ ಮೂರೂವರೆ ಸಾವಿರ ಮಿಲಿಮೀಟರಿನಷ್ಟು ಮಳೆ ಬೀಳುವ ಜಿಲ್ಲೆಯಲ್ಲಿ ಆಗ ತೋಡಿನ ಸಂಕವೇ ಮುಳುಗಿರುತ್ತದೆ, ಇಂಬಳಗಳು ಎಲೆಯ ತುದಿಯಲ್ಲಿ ನಿಂತು ಕಾಯುತ್ತವೆ. ಆನೆ ಇಳಿದಿದೆ ಎಂಬ ಸುದ್ದಿ ವಾಟ್ಸ್ಆ್ಯಪ್ಪಿನಲ್ಲಿ ಬಂದ ದಿನವೂ ಇಲ್ಲ. ಕಾರಡ್ಕ, ದೇಲಂಪಾಡಿ, ಮುಳಿಯಾರುಗಳ ಕಡೆ ಅದು ಬರೀ ಸುದ್ದಿಯಾಗಿ ಉಳಿಯುವುದಿಲ್ಲ ಎಂಬುದು ತೋಟ ಕಳೆದುಕೊಂಡವರಿಗೆ ಗೊತ್ತು. ಬೆಳಕು ಸರಿಯಾಗಿ ಹರಿಯುವ ಮೊದಲು ಹೊರಡುವುದಿಲ್ಲ, ಸಂಜೆ ಪದವಿನಿಂದ ಏಳಲು ತಡಮಾಡುವುದಿಲ್ಲ.

ಅತ್ತೆಯ ಹೆಡಗೆ

ನಾನು ಈ ಮನೆಗೆ ಮದುವೆಯಾಗಿ ಬಂದ ಹೊಸದರಲ್ಲಿ, ಚಳಿಗಾಲ ಕಳೆದು ಎಲೆ ಉದುರುವ ಹೊತ್ತಿಗೆ, ಊರಿನ ಹೆಂಗಸರು ದರಗು ತರಲು ಗುಡ್ಡೆಗೆ ಹೋಗುತ್ತಿದ್ದರು. ಒಣಗಿದ ತರಗೆಲೆಯನ್ನು ಗುಡಿಸಿ ಒಟ್ಟುಮಾಡಿ ಹೆಡಗೆಯಲ್ಲಿ ತುಂಬಿ ತರುವುದು, ಹಟ್ಟಿಗೆ ಹಾಸಲು ಮತ್ತು ತೋಟಕ್ಕೆ ಮುಚ್ಚಲು. ಒಂದು ದಿನ ಅತ್ತೆ ನನ್ನನ್ನೂ ಕರೆದರು. ಹತ್ತು ಗಂಟೆಯ ಹೊತ್ತಿಗೆ ಹೊರಟ ನಾವು ಗುಡ್ಡೆ ಏರಿ, ಬಿದಿರಿನ ಹೆಡಗೆಗಳನ್ನು ಇಳಿಸಿ, ಗುಡಿಸಲು ಆರಂಭಿಸಿ ಅರ್ಧ ಗಂಟೆಯೂ ಆಗಿರಲಿಲ್ಲ, ಹೆಡಗೆಗಳು ತುಂಬಿದವು. ಇನ್ನು ಇಳಿಯುವುದು ಎಂದುಕೊಂಡು ನಾನು ಸೆರಗು ಬಿಗಿದರೆ, ಯಾರೂ ಹೊರಡುವ ಲಕ್ಷಣವೇ ಕಾಣಲಿಲ್ಲ. ಹೆಡಗೆಗಳನ್ನು ಅಲ್ಲೇ ಬಿಟ್ಟು ಎಲ್ಲರೂ ಪದವಿಗೆ ನಡೆದರು. ಅಂಚಿನಲ್ಲಿ ಒಂದು ದೊಡ್ಡ ನೇರಳೆ ಮರ, ಅದರ ನೆರಳು ಬೀಳುವ ಚಪ್ಪಟೆ ಪಾದೆ. ಕೆಲಸಕ್ಕೆ ಬರುವ ಹೆಂಗಸರು ಎಲೆಅಡಕೆಯ ಚೀಲ ಬಿಚ್ಚಿದರು. ಮನೆಯಲ್ಲಿ ಹಜಾರಕ್ಕೆ ಬರುವಾಗಲೂ ಸೆರಗು ಸರಿಪಡಿಸಿಕೊಳ್ಳುತ್ತಿದ್ದ ನಮ್ಮ ಅತ್ತೆ, ನಾನು ನೋಡುತ್ತಿದ್ದಂತೆಯೇ, ಆ ಕಲ್ಲಿನ ಮೇಲೆ ಬೆನ್ನು ಹಾಸಿ ಮಲಗಿ ಕಾಲ ಮೇಲೆ ಕಾಲು ಹಾಕಿಕೊಂಡರು. ಒಬ್ಬರು ಪಾಡ್ದನ ಎಂಬ ತುಳು ಕಥನಹಾಡಿನ ಒಂದು ತುಂಡನ್ನು ಎತ್ತಿಕೊಂಡರು, ನಡುವೆ ಮರೆತುಹೋದಲ್ಲಿ ಇನ್ನೊಬ್ಬರು ಸೇರಿಸಿದರು. ಗಂಡಸರ ಬಗ್ಗೆ, ಅತ್ತೆಯಂದಿರ ಬಗ್ಗೆ ಅಲ್ಲಿ ಏನೆಲ್ಲ ಮಾತು ಬಂತೋ ಅದನ್ನು ಬರೆಯುವುದು ಸಭ್ಯತೆಯಲ್ಲ. ನೆರಳು ಸರಿದು ಬಿಸಿಲು ಮುಖಕ್ಕೆ ಬಿದ್ದಾಗಲಷ್ಟೇ ಅತ್ತೆ ಎದ್ದು ಕೂತರು. ನಾವು ಮನೆ ತಲುಪಿದಾಗ ಊಟದ ಹೊತ್ತು ಮೀರುತ್ತಿತ್ತು. ಯಾಕಿಷ್ಟು ತಡ ಎಂದು ಮಾವ ಕೇಳಿದರೆ ಅತ್ತೆ ಹೆಡಗೆಯನ್ನು ದೊಪ್ಪನೆ ಇಳಿಸಿ, ಈ ವರ್ಷ ದರಗೇ ಇಲ್ಲ, ಮೂರು ಗುಡ್ಡೆ ಸುತ್ತಬೇಕಾಯಿತು ಎಂದರು. ನನ್ನ ಕಡೆಗೆ ನೋಡಲಿಲ್ಲ.

ಅಂದು ನನಗೆ ಅದು ತಮಾಷೆಯಾಗಿ ಮಾತ್ರ ಕಂಡಿತ್ತು. ಈಗ ಅದೇ ಪಾದೆಯಲ್ಲಿ ಕೂತು ಯೋಚಿಸುವಾಗ ಅನಿಸುವುದು, ನಮ್ಮ ಹೆಂಗಸರು ಗುಡ್ಡೆಗೆ ವಿಹಾರ ಹೋಗುತ್ತಿರಲಿಲ್ಲ ಎಂಬ ಮಾತು ಸುಳ್ಳು. ಹೋಗುತ್ತಿದ್ದರು, ಹೆಡಗೆಯನ್ನು ಮುಂದಿಟ್ಟುಕೊಂಡು ಹೋಗುತ್ತಿದ್ದರು. ಸೊಪ್ಪು, ದರಗು, ಕಟ್ಟಿಗೆ, ದನ ಹುಡುಕುವುದು, ಮೊದಲ ಗುಡುಗಿನ ಬಳಿಕದ ಅಣಬೆ, ಉಪ್ಪಿನಕಾಯಿಯ ಕಾಟುಮಾವು, ಪುನರ್ಪುಳಿ, ಇವೆಲ್ಲ ಬೇಕಾದ ವಸ್ತುಗಳೂ ಹೌದು, ಮನೆಯಿಂದ ಹೊರಗೆ ಕಾಲಿಡಲು ಸಿಗುವ ರಹದಾರಿಗಳೂ ಹೌದು. ಕೆಲಸದ ಒಳಗೆ ಸುಖವನ್ನು ಮಡಚಿಟ್ಟಿದ್ದರಿಂದ ಯಾರೂ ಅದರ ಲೆಕ್ಕ ಕೇಳಲಿಲ್ಲ. ಈಚೆಗೆ ಒಂದು ಸಂಜೆ, ಎಂಬತ್ತು ದಾಟಿ ಜಗಲಿ ಬಿಟ್ಟು ಇಳಿಯಲಾಗದ ಅತ್ತೆಯನ್ನು ನೇರವಾಗಿ ಕೇಳಿದೆ, ಆಗ ನಿಜಕ್ಕೂ ದರಗು ಅಷ್ಟು ಮೇಲೆ ಹೋದರೆ ಮಾತ್ರ ಸಿಗುತ್ತಿತ್ತೇ ಎಂದು. ತೋಡಿನ ಬದಿಯಲ್ಲೇ ರಾಶಿ ಇತ್ತಲ್ಲ ಎಂದರು.

ಇದನ್ನು ಹೇಳುವಾಗ ಆ ಕಾಲವನ್ನು ಚಂದಗಾಣಿಸುವ ಆಸೆ ನನಗಿಲ್ಲ. ಹಸಿ ಸೊಪ್ಪಿನ ಹೊರೆ ಎಂದರೆ ಎಷ್ಟು ಭಾರ ಎಂಬುದು ಹೊತ್ತವರ ಕುತ್ತಿಗೆಗೆ ಮಾತ್ರ ಗೊತ್ತು. ಅತ್ತೆಯ ಮಂಡಿ ಸವೆದದ್ದು ವಯಸ್ಸಿನಿಂದ ಮಾತ್ರವಲ್ಲ. ಹೊರೆ ಹೊತ್ತು ಮೇಲೆ ಕೆಳಗೆ ಹತ್ತಿ ಇಳಿದ ಅವರ ಪೀಳಿಗೆಗೆ ನಡಿಗೆ ಒಳ್ಳೆಯದು ಎಂದು ಯಾರಾದರೂ ಉಪದೇಶಿಸಿದ್ದರೆ ಅವರು ನಗುತ್ತಿದ್ದರೋ ಬೈಯುತ್ತಿದ್ದರೋ ಹೇಳಲಾರೆ. ನೆಲ ಒಂದೇ ಆದರೂ ಬರಿಗೈಯಲ್ಲಿ ಐದು ಕಿಲೋಮೀಟರ್ ನಡೆಯುವುದು ಬೇರೆ, ತಲೆಹೊರೆಯೊಂದಿಗೆ ನಡೆಯುವುದು ಬೇರೆ.

ಬಳಿಕ ಅಡಿಗೆಮನೆಗೆ ಗ್ಯಾಸ್ ಬಂತು, ಹಟ್ಟಿಯಲ್ಲಿ ದನ ಕಡಿಮೆಯಾಯಿತು, ಮುಳಿಹುಲ್ಲಿನ ಮಾಡಿಗೆ ಹಂಚು ಬಂದು ಆ ಹಂಚಿನ ಮನೆಯೂ ತಾರಸಿಯಾಯಿತು. ಗುಡ್ಡೆಗೆ ಹೋಗುವ ಕಾರಣಗಳು ಒಂದೊಂದಾಗಿ ಇಲ್ಲವಾದಂತೆ ಕಾಲುದಾರಿಗಳೂ ಇಲ್ಲವಾದವು. ಕಾಲು ಬೀಳದ ದಾರಿ ಎರಡು ಮಳೆಗಾಲ ಉಳಿಯುವುದಿಲ್ಲ. ಕಮ್ಯುನಿಸ್ಟ್ ಗಿಡ ಮತ್ತು ಚೂರಿಮುಳ್ಳು ಸೇರಿ ಅದನ್ನು ಮುಚ್ಚಿಬಿಡುತ್ತವೆ. (ಆ ಗಿಡಕ್ಕೆ ಆ ಹೆಸರು ಯಾಕೆ ಬಂತು ಎಂಬ ಬಗ್ಗೆ ನಮ್ಮ ಊರಿನಲ್ಲಿ ಪ್ರತಿಯೊಂದು ಪಕ್ಷದವರ ಬಳಿಯೂ ಒಂದೊಂದು ಕಥೆಯಿದೆ, ಚುನಾವಣೆಯ ಹತ್ತಿರ ಕೇಳದಿರುವುದು ಒಳ್ಳೆಯದು.) ಆದರೆ ಇದನ್ನು ಬರೀ ನಷ್ಟವೆಂದು ಬರೆದರೆ ಕಾಡಿಗೆ ಅನ್ಯಾಯವಾಗುತ್ತದೆ. ನಾನು ಬಂದಾಗ ಈ ಗುಡ್ಡೆ ಹೆಚ್ಚುಕಡಿಮೆ ಬೋಳಾಗಿತ್ತು; ಪ್ರತಿ ವರ್ಷ ಸೊಪ್ಪು ಸವರಿಸಿಕೊಂಡು ಮರಗಳು ಗೂಟಗಳ ಹಾಗೆ ನಿಂತಿದ್ದವು. ನಾವು ಬರುವುದು ನಿಂತ ಮೇಲೆ ಮರುವಕ್ಕೂ ಬೋಗಿಗೂ ಕೊಂಬೆ ಬಂತು, ನೆಲದಲ್ಲಿ ದರಗು ಮಣ್ಣಾಗತೊಡಗಿತು, ಮಂಗಟ್ಟೆ ಹಿಂದಿರುಗಿತು. ನಾವು ಇಂದು ಅನುಭವಿಸುವ ನೆರಳು ನಮ್ಮ ಗೈರುಹಾಜರಿಯ ಫಲ.

ಗುಡ್ಡೆಯ ಗಾಳಿ

ಆರೋಗ್ಯಕ್ಕಾಗಿ ಗುಡ್ಡೆಯ ಗಾಳಿ ಕುಡಿಯಿರಿ ಎಂಬ ಮಾತನ್ನು ಕಾಸರಗೋಡಿನಲ್ಲಿ ಸುಲಭವಾಗಿ ಆಡುವಂತಿಲ್ಲ. ಎಪ್ಪತ್ತರ ದಶಕದ ಕೊನೆಯಿಂದ 2000ದವರೆಗೆ ಇಲ್ಲಿನ ಗೇರು ತೋಪುಗಳ ಮೇಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಎಂಬ ಕೀಟನಾಶಕ ಸಿಂಪಡಿಸಲಾಗುತ್ತಿತ್ತು. ಗುಡ್ಡೆಯ ಮೇಲೆ ಬಿದ್ದದ್ದು ಮಳೆಯೊಂದಿಗೆ ಎಲ್ಲಿಗೆ ಇಳಿಯಿತು ಎಂಬುದನ್ನು ಎಣ್ಮಕಜೆ, ಬೆಳ್ಳೂರು, ಕುಂಬಡಾಜೆ, ಕಾರಡ್ಕ, ಮುಳಿಯಾರುಗಳ ಮನೆಗಳು ಇಂದಿಗೂ ಹೇಳುತ್ತವೆ. 2011ರಲ್ಲಿ ಸುಪ್ರೀಂ ಕೋರ್ಟ್ ದೇಶದಾದ್ಯಂತ ಅದನ್ನು ನಿಲ್ಲಿಸಿದಾಗ ಇಲ್ಲಿ ಹಾಸಿಗೆ ಬಿಟ್ಟೇಳಲಾರದ ಮಕ್ಕಳು ದೊಡ್ಡವರಾಗಿದ್ದರು. ನಮ್ಮ ಜೊತೆ ನಡೆಯುವ ಅಕ್ಕ ತಾವು ಅಂಗನವಾಡಿಯಲ್ಲಿದ್ದ ವರ್ಷಗಳ ಬಗ್ಗೆ ಎಲ್ಲವನ್ನೂ ಹೇಳುತ್ತಾರೆ, ಆ ಮಕ್ಕಳ ಬಗ್ಗೆ ಮಾತ್ರ ಹೇಳುವುದಿಲ್ಲ. ಗೇರು ತೋಪಿನ ಅಂಚಿನಲ್ಲಿ ಹಾದುಹೋಗುವಾಗ ಅವರ ಹೆಜ್ಜೆ ಬಿರುಸಾಗುವುದನ್ನು ನಾವು ಗಮನಿಸಿಯೂ ಕೇಳುವುದಿಲ್ಲ. ಕಾಡಿನಲ್ಲಿ ನಡೆದು ಆರೋಗ್ಯ ಪಡೆಯುವುದಕ್ಕೆ ಜಪಾನಿನವರು 1982ರಲ್ಲಿ ಸರಕಾರದ ಮಟ್ಟದಲ್ಲೇ ಒಂದು ಹೆಸರು ಕೊಟ್ಟು ಪ್ರಚಾರ ಮಾಡಿದರು. ಅದೇ ವರ್ಷಗಳಲ್ಲಿ ನಮ್ಮ ಗುಡ್ಡೆಗಳಲ್ಲಿ ಸಿಂಪಡಣೆ ನಡೆಯುತ್ತಿತ್ತು.

ಆದ್ದರಿಂದ ನಡಿಗೆಯ ಸುಖದ ಬಗ್ಗೆ ನಾನು ಹೇಳುವುದು ಪರಿಶುದ್ಧ ಪ್ರಕೃತಿಯ ಮಾತಲ್ಲ. ಪರಿಶುದ್ಧ ಪ್ರಕೃತಿ ಬೇಕೆನ್ನುವವರು ಪನತ್ತಡಿಯ ಆಚೆ ರಾಣಿಪುರಂಗೆ ಹೋಗುತ್ತಾರೆ. ನಾವೂ ಮನೆಮಂದಿಯೊಂದಿಗೆ ಹೋಗಿದ್ದೇವೆ. ಶೋಲೆ ಕಾಡಿನಿಂದ ಹೊರಬಂದು ಹುಲ್ಲುಗಾವಲಿನ ನೆತ್ತಿ ಕಾಣುವಾಗ ಯಾರಿಗಾದರೂ ಮಾತು ಮರೆಯುತ್ತದೆ. ಆದರೆ ನಾನು ಅಲ್ಲಿ ಗಮನಿಸಿದ್ದು ಬೇರೆ. ಅರಣ್ಯ ಇಲಾಖೆಯ ಕೌಂಟರಿನಲ್ಲಿ ದುಡ್ಡು ಕೊಟ್ಟು ಚೀಟಿ ಪಡೆದವರಲ್ಲಿ ಬಹಳಷ್ಟು ಹೆಂಗಸರಿದ್ದರು, ನನ್ನ ಪ್ರಾಯದವರು, ಕೆಲವರು ನನಗಿಂತ ಹಿರಿಯರು. ಯಾರೂ ಅವರನ್ನು ಯಾಕೆ ಹತ್ತುತ್ತೀರಿ ಎಂದು ಕೇಳಲಿಲ್ಲ, ಅವರಿಗೂ ಕಾರಣ ಹೇಳಬೇಕೆಂದು ತೋರಿದಂತಿರಲಿಲ್ಲ. ಬಸ್ಸು ಹತ್ತಿ ದೂರ ಹೋಗಿ, ಚೀಟಿ ಹರಿಸಿ, ಪ್ರವಾಸ ಎಂದು ಹೆಸರಿಟ್ಟರೆ ಸುಖಕ್ಕೆ ಮರ್ಯಾದೆ ಬರುತ್ತದೆ. ಸ್ವಂತ ಮನೆಯ ಹಿಂದಿನ ಗುಡ್ಡೆಗೆ ಹಾಗೆ ಹೋದರೆ ಅದು ಉದ್ಯೋಗವಿಲ್ಲದವರ ಕೆಲಸ. ಡಾಕ್ಟರ ಚೀಟಿಯೂ ರಾಣಿಪುರಂನ ಚೀಟಿಯೂ ಅತ್ತೆಯ ಹೆಡಗೆಯೂ ಒಂದೇ ಜಾತಿಯವು ಎಂದು ನನಗೆ ಅನಿಸತೊಡಗಿದ್ದು ಅಲ್ಲಿಂದ ಮರಳಿ ಬರುವ ಬಸ್ಸಿನಲ್ಲಿ.

ತಡಮೆ

ಹೋದ ವರ್ಷ ನಮ್ಮ ಸುತ್ತು ಒಂದು ಕಡೆ ಕಡಿಯಿತು. ನಾಗಬನದ ಕೆಳಗಿನ ರಬ್ಬರ್ ತೋಟ ಕೈ ಬದಲಾಯಿತು, ಹೊಸ ಯಜಮಾನರು ಸುತ್ತಲೂ ತಂತಿ ಬೇಲಿ ಹಾಕಿಸಿದರು. ಅವರಿಗೆ ಅದರ ಹಕ್ಕು ಇತ್ತು. ಕಾಡುಹಂದಿಯ ಕಾಟವೂ ಇತ್ತು. ಹಳೆಯ ಕ್ರಮದಲ್ಲಿ ಇನ್ನೊಬ್ಬರ ಜಾಗದ ಮೂಲಕ ದಾರಿ ಸಿಗುತ್ತಿದ್ದದ್ದು ಅಗತ್ಯದ ಬಲದಿಂದ. ಸೊಪ್ಪಿನ ದಾರಿ, ದನ ಹೋಗುವ ದಾರಿ, ಬನಕ್ಕೆ ತಂಬಿಲದ (ನಾಗಪೂಜೆಯ) ದಿನ ಹೋಗುವ ದಾರಿ, ಇವನ್ನು ಯಾರೂ ಮುಚ್ಚುತ್ತಿರಲಿಲ್ಲ. ವಾಯುವಿಹಾರದ ದಾರಿ ಎಂಬುದು ಆ ಪಟ್ಟಿಯಲ್ಲಿ ಇರಲಿಲ್ಲ. ಬನದ ದಾರಿ ಎಂದು ಹೇಳಿ ಕೇಳೋಣ, ದೇವರ ವಿಚಾರವಾದರೆ ಇಲ್ಲವೆನ್ನಲಾರರು ಎಂಬುದು ಓರಗಿತ್ತಿಯ ಸಲಹೆ. ಶುಗರ್ ಎನ್ನೋಣ ಎಂದರು ಅಕ್ಕ. ನಾನು ಎರಡಕ್ಕೂ ಒಪ್ಪಲಿಲ್ಲ. ಮೂವರೂ ಅವರ ಮನೆಗೆ ಹೋಗಿ, ಚಾ ಕುಡಿದು, ನಮಗೆ ಈ ಗುಡ್ಡೆ ಸುತ್ತುವುದು ಇಷ್ಟ, ನಿಮ್ಮ ತೋಟದ ಮೂಲೆಯಿಂದ ಹಾದುಹೋಗಲು ಬಿಡಬೇಕು ಎಂದು ಕೇಳಿದೆವು. ಹೇಳುವಾಗ ನನ್ನ ಕಿವಿ ಬಿಸಿಯಾಗಿತ್ತು. ಕೋಟ್ಟಯಂನ ಪಾಲಾಯಿಯ ಕಡೆಯಿಂದ ಬಂದ ಅವರಿಗೆ ನಮ್ಮ ಕನ್ನಡ ಬೆರೆತ ಮಲಯಾಳ ಪೂರ್ತಿ ಅರ್ಥವಾಯಿತೋ ಇಲ್ಲವೋ, ಅವರ ಪತ್ನಿ ಮಾತ್ರ ಅಡಿಗೆಮನೆಯಿಂದ ಹೊರಗೆ ಬಂದು, ಮೇಲೆ ಏನಿದೆ, ಎಷ್ಟು ಹೊತ್ತು ಬೇಕು, ಇಂಬಳ ಇದೆಯೇ ಎಂದು ಒಂದರ ಹಿಂದೆ ಒಂದು ಕೇಳಿದರು.

ಬೇಲಿಯ ಮೂಲೆಯಲ್ಲಿ ಈಗ ಒಂದು ತಡಮೆಯಿದೆ, ಒಬ್ಬರಷ್ಟೇ ತೂರಬಹುದಾದ ಕಂಡಿ. ರಬ್ಬರ್ ಹಾಲು ಸಂಗ್ರಹಿಸುವ ಹೊತ್ತಿನಲ್ಲಿ ಮರಕ್ಕೆ ಕಟ್ಟಿದ ಗೆರಟೆಗೆ ತಾಗಬಾರದು, ನಾಯಿಯನ್ನು ಕರೆತರಬಾರದು ಎಂಬುದು ಯಜಮಾನರ ಷರತ್ತು. ತಡಮೆ ತೀರಾ ಇಕ್ಕಟ್ಟಾಯಿತು, ಓರೆಯಾಗಿ ತೂರಿದರೂ ಸೀರೆ ಸಿಕ್ಕಿಕೊಳ್ಳುತ್ತದೆ ಎಂಬುದು ನಮ್ಮ ಓರಗಿತ್ತಿಯ ದೂರು. ಅಗಲ ಮಾಡಿದರೆ ಹಂದಿ ನುಗ್ಗುತ್ತದೆ ಎನ್ನುತ್ತಾರೆ ಅವರು. ಮಾತುಕತೆ ಇನ್ನೂ ನಡೆಯುತ್ತಿದೆ.